ಏಳನೇ ಮನೆಯ ಮುಂದೆ

ಕಪಿಲೆಪಾಳ್ಯ, ಸಾಸಲು ಹೋಬಳಿ
8 ಜುಲೈ 2024

ಮುನೀಂದ್ರಣ್ಣನವರಿಗೆ,

ನನ್ನನ್ನು ನೀವು ನೋಡಿರುತ್ತೀರಿ, ಮಾತಾಡಿಸಿದ್ದು ಕಡಿಮೆ. ಹಿಂದಲ ಬೀದಿಯ ಕೊನೆ ಮನೆ ಲಕ್ಕಮ್ಮನವರ ಸೊಸೆ ಶಶಿರೇಖಾ ನಾನು. ಏಪ್ರಿಲ್‌ನಲ್ಲಿ ಪಂಚಾಯ್ತಿಯವರು ನಿಮ್ಮನ್ನು ನೀರುಗಂಟಿ ಕೆಲಸದಿಂದ ಬಿಡಿಸಿದ ಮೇಲೆ ಇಬ್ಬರು ಗಂಡಸರು ಬಂದರು, ಇಬ್ಬರೂ ತಿಂಗಳು ನಿಲ್ಲಲಿಲ್ಲ. ಜೂನ್ ಒಂದರಿಂದ ಆರು ತಿಂಗಳ ಮಟ್ಟಿಗೆ ಕೆಲಸ ನನಗೆ ಕೊಟ್ಟಿದ್ದಾರೆ. ಈ ಊರಿನಲ್ಲಿ ಹೆಂಗಸು ನೀರು ಬಿಡುವುದು ಇದೇ ಮೊದಲಂತೆ. ದಿನಾ ಬೆಳಗ್ಗೆ ಯಾರಾದರೊಬ್ಬರು ಹಲ್ಲುಜ್ಜುತ್ತಾ ನಿಂತು ನೋಡುತ್ತಾರೆ.

ನೀವಿರುವ ಕುಡಿತ ಬಿಡಿಸುವ ಕೇಂದ್ರದಲ್ಲಿ ನೂರು ದಿನ ಮುಗಿಯುವವರೆಗೆ ಫೋನ್ ಕೊಡುವುದಿಲ್ಲ, ಕಾಗದ ಬರೆಯಬಹುದು ಎಂದು ನಿಮ್ಮ ಮನೆಯವರು ಪ್ರಮೋದಕ್ಕ ಹೇಳಿದರು. ವಿಳಾಸವನ್ನೂ ಅವರೇ ಗಾರ್ಮೆಂಟ್ಸ್ ವ್ಯಾನಿಗೆ ಕಾಯುತ್ತಾ ನನ್ನ ಕೈಮೇಲೆ ಪೆನ್ನಿನಲ್ಲಿ ಬರೆದುಕೊಟ್ಟರು.

ವಿಷಯಕ್ಕೆ ಬರುತ್ತೇನೆ. ಓವರ್‌ಹೆಡ್ ಟ್ಯಾಂಕಿನ ಕೆಳಗೆ ಐದು ವಾಲ್ವ್‌ಗಳಿವೆ. ಯಾವುದು ಯಾವ ಬೀದಿಯದು? ಒಂದು ವಾಲ್ವಿನ ಚಕ್ರ ಎಷ್ಟು ತಿರುಗಿಸಿದರೂ ತಿರುಗುತ್ತಲೇ ಇರುತ್ತದೆ, ನೀರು ಮಾತ್ರ ಬರುವುದಿಲ್ಲ. ಇನ್ನೊಂದನ್ನು ತೆರೆದರೆ ಪೈಪು ಸುತ್ತಿಗೆಯಲ್ಲಿ ಹೊಡೆದ ಹಾಗೆ ಬಡಿದುಕೊಳ್ಳುತ್ತದೆ. ಪಿಡಿಒ ಅವರನ್ನು ಪೈಪ್‌ಲೈನಿನ ನಕ್ಷೆ ಕೊಡಿ ಎಂದು ಕೇಳಿದೆ. "ನಕ್ಷೆ ಇಲ್ಲಮ್ಮ, ಎಲ್ಲ ಮುನೀಂದ್ರನ ತಲೇಲಿತ್ತು" ಅಂದರು.

ಆದ್ದರಿಂದ ನಿಮ್ಮನ್ನೇ ಕೇಳುತ್ತಿದ್ದೇನೆ. ಆರೋಗ್ಯ ನೋಡಿಕೊಂಡು, ಬಿಡುವಾದಾಗ ಬರೆಯಿರಿ.

ಇಂತಿ ನಮಸ್ಕಾರಗಳು,
ಶಶಿರೇಖಾ


ಅರಿಶಿನಕುಂಟೆ
17 ಜುಲೈ 2024

ಶಶಿರೇಖಾ ಅವರಿಗೆ,

ಇಲ್ಲಿ ಊಟದ ಹೊತ್ತಿಗೆ ಬಂದ ಕಾಗದಗಳನ್ನು ಕೌನ್ಸೆಲರ್ ದೇವೇಂದ್ರ ಸರ್ ಹೆಸರು ಕೂಗಿ ಕೊಡುತ್ತಾರೆ. ನನ್ನ ಹೆಸರು ಕೂಗಿದಾಗ ಬೇರೆ ಯಾರೋ ಮುನೀಂದ್ರ ಇರಬೇಕು ಅಂದುಕೊಂಡು ಕೂತೇ ಇದ್ದೆ. ಎರಡನೇ ಸಲ ಊರಿನ ಹೆಸರನ್ನೂ ಸೇರಿಸಿ ಕೂಗಿದರು.

ನೀವು ಬೈದು ಬರೆದಿರುತ್ತೀರಿ ಎಂದು ಒಂದು ದಿನ ಒಡೆಯದೆ ಇಟ್ಟಿದ್ದೆ. ವಾಲ್ವಿನ ವಿಷಯ ಎಂದು ಗೊತ್ತಾಗಿ ಆಶ್ಚರ್ಯವಾಯಿತು.

ಟ್ಯಾಂಕಿನ ಏಣಿ ಕಡೆಯಿಂದ ಎಣಿಸಿ. ಮೊದಲನೆಯದು ಮುಂದಲ ಬೀದಿ, ಎರಡನೆಯದು ಗುಡಿ ಬೀದಿ, ಮೂರು ಶಾಲೆ ಕಡೆ, ನಾಲ್ಕು ನಿಮ್ಮ ಹಿಂದಲ ಬೀದಿ. ಐದನೆಯದು ಹಳೇ ಲೈನು, ಅದರಲ್ಲಿ ಜೀವ ಇಲ್ಲ, ಮುಟ್ಟಬೇಡಿ. ಸುಮ್ಮನೆ ತಿರುಗುವುದು ಎರಡನೆಯದು, ಅದರ ಒಳಗಿನ ಮರೆ, ಅಂದರೆ ಸ್ಕ್ರೂ ಹಲ್ಲು, ಸವೆದಿದೆ. ಎಡಗಾಲಿನಲ್ಲಿ ಚಕ್ರವನ್ನು ಕೆಳಕ್ಕೆ ಒತ್ತಿ ಹಿಡಿದು ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಬಡಿದುಕೊಳ್ಳುವುದು ಒಳಗೆ ಗಾಳಿ ಸೇರಿ. ಒಂದೇ ಸಲ ತೆರೆಯಬೇಡಿ. ಎರಡು ಸುತ್ತು ತೆರೆದು ನಿಲ್ಲಿ. ಪೈಪಿನಲ್ಲಿ ಉಸಿರು ಬಿಟ್ಟಂತೆ ಸದ್ದು ಬರುತ್ತದೆ. ಅದು ನಿಂತ ಮೇಲೆ ಉಳಿದದ್ದನ್ನು ತೆರೆಯಿರಿ.

ಇಷ್ಟು ಬರೆಯಲು ಎರಡು ದಿನ ಹಿಡಿಯಿತು. ಕೈ ಇನ್ನೂ ನಡುಗುತ್ತದೆ. ಅಕ್ಷರ ಓದಲು ಕಷ್ಟವಾದರೆ ಮನ್ನಿಸಿ.

ಈ ಕೆಲಸದಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ. ಹತ್ತೊಂಬತ್ತು ವರ್ಷ ನಾನು ಮಾಡಿದ್ದನ್ನು ಯಾರು ಬೇಕಾದರೂ ಮಾಡಬಹುದು. ನೀವು ನನಗಿಂತ ಚೆನ್ನಾಗಿ ಮಾಡುತ್ತೀರಿ.

ಇಂತಿ,
ಯಾರಿಗೂ ಉಪಯೋಗಕ್ಕೆ ಬಾರದ ಮುನೀಂದ್ರ


ಕಪಿಲೆಪಾಳ್ಯ
26 ಜುಲೈ 2024

ಮುನೀಂದ್ರಣ್ಣನವರಿಗೆ,

ಎಡಗಾಲಿನ ಉಪಾಯ ಫಲಿಸಿತು. ಗುಡಿ ಬೀದಿಗೆ ಒಂಬತ್ತು ದಿನಗಳ ಮೇಲೆ ನೀರು ಹೋಯಿತು. ಹಲ್ಲುಜ್ಜುತ್ತಾ ನಿಂತಿದ್ದವರು "ಓಹೋ, ಮುನೀಂದ್ರನ ಥರಾನೇ ಒದೀತಾಳೆ" ಅಂದರು. ಎರಡೇ ಸುತ್ತು ತೆರೆದು ನಿಲ್ಲಿಸಿ ಸದ್ದನ್ನೂ ಕೇಳಿದೆ. ನೀವು ಹೇಳಿದ್ದು ನಿಜ, ಮಲಗಿದ ದನ ಉಸಿರು ಬಿಟ್ಟ ಹಾಗಿದೆ. ಇದನ್ನು ನಿಮಗೆ ಯಾರು ಹೇಳಿಕೊಟ್ಟರು?

ಒಂದು ಮಾತು ಹೇಳುತ್ತೇನೆ, ತಪ್ಪು ತಿಳಿಯಬೇಡಿ. ಕಾಗದದ ಕೊನೆಯಲ್ಲಿ ಹಾಗೆ ಸಹಿ ಹಾಕಬೇಡಿ. ಉಪಯೋಗಕ್ಕೆ ಬಾರದವರಿಗೆ ನಾನು ಐದು ರೂಪಾಯಿ ಅಂಚೆಚೀಟಿ ಹಚ್ಚುತ್ತಿದ್ದೆನೆ?

ಈಗ ಇನ್ನೊಂದು ಪ್ರಶ್ನೆ, ಇದು ನನಗೆ ದಿನಾ ಕೊರೆಯುತ್ತಿರುವುದು. ನಮ್ಮ ಹಿಂದಲ ಬೀದಿಯಲ್ಲಿ ಎರಡು ವರ್ಷದಿಂದ ನೀರು ನೂಲಿನಂತೆ ಬರುತ್ತದೆ. ಏಳನೇ ಮನೆ ಪಿಳ್ಳಣ್ಣನವರು ಕದ್ದು ಮೋಟರ್ ಇಟ್ಟು ನೀರು ಎಳೆಯುತ್ತಾರೆ ಎಂದು ಅವರ ನಲ್ಲಿಯನ್ನೇ ಕತ್ತರಿಸಿದರಲ್ಲ, ಆಗ ನಾನೂ ನಂಬಿದ್ದೆ. ಕಳೆದ ವಾರ ಒಂದೇ ಬಿಂದಿಗೆ ಹಿಡಿದು, ಫೋನಿನಲ್ಲಿ ಹೊತ್ತು ನೋಡಿಕೊಂಡು ಮನೆಯಿಂದ ಮನೆಗೆ ಹೋದೆ. ಒಂದರಿಂದ ಆರನೇ ಮನೆವರೆಗೆ ಬಿಂದಿಗೆ ತುಂಬಲು ಐವತ್ತು, ಐವತ್ತೈದು ಸೆಕೆಂಡು. ಏಳನೆಯದರಲ್ಲಿ ನಲ್ಲಿಯೇ ಇಲ್ಲ. ಎಂಟನೇ ಮನೆಯಲ್ಲಿ ನಾಲ್ಕು ನಿಮಿಷ ಹತ್ತು ಸೆಕೆಂಡು. ನಮ್ಮದು ಇಪ್ಪತ್ತೊಂದನೇ ಮನೆ, ಅಲ್ಲಿ ಆರು ನಿಮಿಷ.

ಮೂರು ದಿನ ಅಳೆದೆ. ಮೂರು ದಿನವೂ ಹಾಗೇ. ನೀರು ಸಣ್ಣಗಾಗುವುದು ಬೀದಿಯುದ್ದಕ್ಕೂ ಅಲ್ಲ, ಒಂದೇ ಜಾಗದಲ್ಲಿ. ಪಿಳ್ಳಣ್ಣನವರ ಮನೆಯ ಮುಂದೆ ರಸ್ತೆಯ ಕೆಳಗೆ ಏನಿದೆ?

ಪ್ರಮೋದಕ್ಕ ಮೊನ್ನೆ ನಲ್ಲಿ ಹತ್ತಿರ "ಕಾಗದ ಬಂತಂತೆ" ಅಂದರು. ಹೌದು, ವಾಲ್ವಿನ ವಿಷಯ ಅಂದೆ. "ಕೈಬರಹ ಹೆಂಗೈತೆ?" ಎಂದು ಕೇಳಿದರು. ಸ್ವಲ್ಪ ಅಲುಗಿದೆ, ಓದಬಹುದು ಅಂದೆ. ಬಿಂದಿಗೆ ಎತ್ತಿಕೊಂಡು ಹೋದರು.

ಇಂತಿ,
ಶಶಿರೇಖಾ


ಅರಿಶಿನಕುಂಟೆ
4 ಆಗಸ್ಟ್ 2024

ಶಶಿರೇಖಾ ಅವರಿಗೆ,

ಗುಡಿ ಬೀದಿಗೆ ನೀರು ಹೋದದ್ದು ಸಂತೋಷ. ಸದ್ದು ಕೇಳುವುದನ್ನು ಹೇಳಿಕೊಟ್ಟವರು ನನಗಿಂತ ಮೊದಲು ನೀರುಗಂಟಿಯಾಗಿದ್ದ ರಾಮಾಂಜಿನಪ್ಪನವರು. ಈಗಿಲ್ಲ. ಅವರಿಗೆ ಕಣ್ಣು ಮಂಜಾಗಿತ್ತು, ಪೈಪಿಗೆ ಕಿವಿ ಕೊಟ್ಟೇ ಕೆಲಸ ಮಾಡುತ್ತಿದ್ದರು.

ಇಲ್ಲಿ ಐದೂವರೆಗೆ ಎಬ್ಬಿಸುತ್ತಾರೆ. ವ್ಯಾಯಾಮ, ತಿಂಡಿ, ಆಮೇಲೆ ಎಲ್ಲರೂ ದುಂಡಗೆ ಕೂತು ಮಾತಾಡಬೇಕು. ಒಬ್ಬರು ಮಾತಾಡಿ ಮುಗಿಸಿದರೆ ಉಳಿದವರು ಚಪ್ಪಾಳೆ ತಟ್ಟುತ್ತಾರೆ. ನಾನು ಹೆಸರು ಹೇಳಿ ಕೂತರೂ ತಟ್ಟಿದರು. ಏನೂ ಮಾಡದವನಿಗೆ ಚಪ್ಪಾಳೆ ಯಾಕೆ ಎಂದು ದೇವೇಂದ್ರ ಸರ್ ಅವರನ್ನು ಕೇಳಿದೆ. ಅವರೂ ಹನ್ನೊಂದು ವರ್ಷದ ಹಿಂದೆ ಹೀಗೇ ಬಂದು ಸೇರಿದವರಂತೆ. "ನೀನು ಒಳ್ಳೆಯವನೋ ಕೆಟ್ಟವನೋ ಅನ್ನೋದನ್ನ ಆಮೇಲೆ ನೋಡಣ. ನಿನಗೆ ಗೊತ್ತಿರೋದು ಏನು, ಮೊದಲು ಅಷ್ಟು ಹೇಳು" ಅಂದರು. ನನಗೆ ಏನೂ ಗೊತ್ತಿಲ್ಲ ಸಾರ್ ಅಂದೆ.

ನೂರು ದಿನ ಮುಗಿಯುವುದು ಸೆಪ್ಟೆಂಬರ್ 30ಕ್ಕೆ. ಆಮೇಲೆ ಊರಿಗೆ ಬರುವ ಯೋಚನೆ ಇಲ್ಲ. ನೆಲಮಂಗಲದ ಹತ್ತಿರ ಒಂದು ಗೋದಾಮಿನಲ್ಲಿ ಕಾವಲು ಕೆಲಸ ಇದೆ. ದಿನಕ್ಕೆ ನೂರು ಲಾರಿ ಬರುತ್ತವೆ, ಹೋಗುತ್ತವೆ. ಗೇಟು ತೆಗೆಯುವವನ ಹೆಸರು ಯಾರಿಗೂ ಬೇಕಿಲ್ಲ. ನನ್ನಂಥವನಿಗೆ ಅದೇ ಸರಿ. ಪ್ರಮೋದಾಗೆ ಇನ್ನೂ ಹೇಳಿಲ್ಲ. ನೀವೂ ಹೇಳಬೇಡಿ.

ಮಳೆಗಾಲದಲ್ಲಿ ಟ್ಯಾಂಕಿಗೆ ಬ್ಲೀಚಿಂಗ್ ಪುಡಿ ಹಾಕುವುದನ್ನು ಮರೆಯಬೇಡಿ.

ಇಂತಿ,
ಮುನೀಂದ್ರ


ಕಪಿಲೆಪಾಳ್ಯ
14 ಆಗಸ್ಟ್ 2024

ಮುನೀಂದ್ರಣ್ಣನವರಿಗೆ,

ಬ್ಲೀಚಿಂಗ್ ಪುಡಿ ಹಾಕಿದ್ದೇನೆ. ನಾನು ಕೇಳಿದ್ದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆದಿದ್ದೀರಿ. ಮರೆತಿರಬಹುದು ಎಂದು ಮತ್ತೆ ಕೇಳುತ್ತೇನೆ. ಏಳನೇ ಮನೆಯ ಮುಂದೆ ಏನಿದೆ?

ಯಾಕೆ ಇಷ್ಟು ಕೇಳುತ್ತೇನೆಂದರೆ, ಪಿಳ್ಳಣ್ಣನವರು ಎರಡು ವರ್ಷದಿಂದ ಶಾಲೆಯ ನಲ್ಲಿಯಿಂದ ಸೈಕಲ್ಲಿನಲ್ಲಿ ನೀರು ಹೊರುತ್ತಿದ್ದಾರೆ. ಅವರಿಗೆ ಎಪ್ಪತ್ತೆರಡು ವರ್ಷ. ನಿನ್ನೆ ಅಲ್ಲಿ ಪಂಚಾಯ್ತಿ ಮೆಂಬರ್ ವೆಂಕಟರಮಣಪ್ಪನವರು ಸಿಕ್ಕರು.

"ಏನ್ ಪಿಳ್ಳಣ್ಣ, ಮೋಟ್ರು ಎಲ್ಲಿಟ್ಟಿದ್ದೀಯ? ಮಂಚದ ಕೆಳಗಾ?" ಅಂದರು.

"ಇಟ್ಟಿದ್ರೆ ನಿಂಗೇ ಕೊಡ್ತಿದ್ದೆ ಕಣಪ್ಪಾ. ನಿನ್ ಬಾಯಿ ಕಟ್ಟಾಕೆ ಯಾವ ವಾಲ್ವೂ ಇಲ್ವಲ್ಲ" ಅಂದರು ಇವರು. ಎಲ್ಲರೂ ನಕ್ಕರು. ನಗುತ್ತಿರುವಾಗಲೇ ಪಿಳ್ಳಣ್ಣನವರ ಸೈಕಲ್ ವಾಲಿ ಎರಡು ಕೊಡವೂ ಚೆಲ್ಲಿದವು. ಆಮೇಲೆ ಯಾರೂ ನಗಲಿಲ್ಲ. ಅವರು ಮತ್ತೆ ಸಾಲಿನ ಕೊನೆಗೆ ಹೋಗಿ ನಿಂತರು.

ನಾನು ಯೋಚಿಸಿದ್ದು ಇಷ್ಟೇ. ಅವರು ಮೋಟರಿನಿಂದ ನೀರು ಎಳೆಯುತ್ತಿದ್ದದ್ದು ನಿಜವಾಗಿದ್ದರೆ, ಅವರ ನಲ್ಲಿ ಕತ್ತರಿಸಿದ ಮಾರನೇ ದಿನವೇ ಎಂಟನೇ ಮನೆಗೆ ನೀರು ಜೋರಾಗಬೇಕಿತ್ತು. ಆಗಲಿಲ್ಲ. ಇದನ್ನು ಇಷ್ಟು ದಿನ ಯಾರೂ ಯಾಕೆ ಕೇಳಲಿಲ್ಲ? ಅತ್ತೆಯನ್ನು ಕೇಳಿದೆ. "ನೀರು ಬಿಡೋನೇ ಮೋಟ್ರು ನೋಡ್ದೆ ಅಂದ್ಮೇಲೆ ಇನ್ನೇನು ಕೇಳದು" ಅಂದರು.

ನೀವು ಮೋಟರನ್ನು ಕಣ್ಣಾರೆ ನೋಡಿದ್ದಿರಾ? ಎಲ್ಲಿಟ್ಟಿದ್ದರು? ಬೇರೆ ಏನೂ ಬರೆಯದಿದ್ದರೂ ಇದೊಂದನ್ನು ಬರೆಯಿರಿ.

ಇಂತಿ,
ಶಶಿರೇಖಾ


ಕಪಿಲೆಪಾಳ್ಯ
2 ಸೆಪ್ಟೆಂಬರ್ 2024

ಮುನೀಂದ್ರಣ್ಣನವರಿಗೆ,

ಹತ್ತೊಂಬತ್ತು ದಿನವಾಯಿತು. ನಿಮಗೆ ಹುಷಾರಿಲ್ಲವೇ ಎಂದು ಪ್ರಮೋದಕ್ಕನನ್ನು ಕೇಳಿದೆ. ಭಾನುವಾರ ಬಂದು ನೋಡಿದಾಗ ಚೆನ್ನಾಗಿದ್ದಿರಂತೆ, ನೆಲ ನೋಡುತ್ತಾ ಕೂತಿದ್ದಿರಂತೆ.

ಹಾಗಾದರೆ ಕಾಗದ ಓದಿದ್ದೀರಿ.

ಶಶಿರೇಖಾ


ಅರಿಶಿನಕುಂಟೆ
9 ಸೆಪ್ಟೆಂಬರ್ 2024

ಶಶಿರೇಖಾ ಅವರಿಗೆ,

ಮೋಟರ್ ಇರಲಿಲ್ಲ. ನಾನು ನೋಡಿರಲಿಲ್ಲ.

ಈ ಒಂದು ಸಾಲು ಬರೆದು ನಾಲ್ಕು ಹಾಳೆ ಹರಿದಿದ್ದೇನೆ. ಈ ಹಾಳೆಯನ್ನು ಹರಿಯುವುದಿಲ್ಲ.

2022ರ ಮಾರ್ಚ್‌ನಲ್ಲಿ ಹಿಂದಲ ಬೀದಿಗೆ ಕಾಂಕ್ರೀಟ್ ರಸ್ತೆ ಹಾಕಿದರು. ಪಿಳ್ಳಣ್ಣನವರ ಮನೆ ಮುಂದೆ, ಅವರ ಜಗಲಿಯ ಮೂಲೆಯಿಂದ ರಸ್ತೆಗೆ ಅಡ್ಡಲಾಗಿ ಎರಡು ಹೆಜ್ಜೆಗೆ, ನೆಲದೊಳಗೆ ಒಂದು ಹಳೆಯ ವಾಲ್ವ್ ಇದೆ. ರಾಮಾಂಜಿನಪ್ಪನವರು ತೋರಿಸಿದ್ದರು. ಅವರು ಹೋದ ಮೇಲೆ ಅದು ಗೊತ್ತಿದ್ದವನು ನಾನೊಬ್ಬನೇ. ಅದರಾಚೆಗಿನ ಜಾಯಿಂಟ್ ಸೋರುತ್ತಿತ್ತು. ನೆಲ ಒದ್ದೆಯಾದರೆ ಕಾಂಕ್ರೀಟ್ ಹಿಡಿಯುವುದಿಲ್ಲ, ನೀರು ಕಟ್ಟು ಎಂದು ಮೇಸ್ತ್ರಿ ಹೇಳಿದ. ಬೀದಿಯ ಮೊದಲ ಮನೆಯಲ್ಲಿ ನಾಮಕರಣವಿತ್ತು, ಇಡೀ ಬೀದಿಯ ನೀರು ನಿಲ್ಲಿಸುವಂತಿರಲಿಲ್ಲ. ಹಾಗಾಗಿ ಈ ವಾಲ್ವನ್ನು ಮುಚ್ಚಿದೆ. ಹದಿನಾಲ್ಕು ಸುತ್ತಿನದು, ಹನ್ನೊಂದಕ್ಕೆ ಬಿಗಿಯಾಗಿ ನಿಂತಿತು. ಉಳಿದ ಸಣ್ಣ ಹರಿವಿನಲ್ಲೇ ಜಾಯಿಂಟ್ ಸರಿಮಾಡಿದರು. ಬೆಳಗ್ಗೆ ಬಂದು ತೆರೆದು, ಮೇಲೆ ಚೇಂಬರ್ ಕಟ್ಟಿಸುತ್ತೇನೆ ಎಂದು ಮೇಸ್ತ್ರಿಗೆ ಹೇಳಿ ನೇರವಾಗಿ ವೈನ್‌ಶಾಪಿಗೆ ಹೋದೆ. ಮರುದಿನ ನನಗೆ ಎಚ್ಚರವಾದದ್ದು ಮಧ್ಯಾಹ್ನ ಎರಡು ಗಂಟೆಗೆ. ಹೋಗಿ ನೋಡಿದರೆ ರಸ್ತೆ ನುಣ್ಣಗೆ, ಉದ್ದಕ್ಕೆ ಬಿದ್ದಿತ್ತು. ಮೇಲೆ ಗೋಣಿಚೀಲ ಹಾಸಿ ನೀರು ಹೊಡೆಯುತ್ತಿದ್ದರು.

ಆವತ್ತೇ ಹೇಳಿದ್ದರೆ ಹಸಿ ಕಾಂಕ್ರೀಟು, ಹತ್ತು ನಿಮಿಷದ ಕೆಲಸ. ನಾಳೆ ಹೇಳೋಣ ಅಂದುಕೊಂಡೆ. ಆಮೇಲೆ ಎಂಟನೇ ಮನೆಯಿಂದಾಚೆಗೆ ನೀರಿಲ್ಲ ಎಂದು ಗಲಾಟೆ ಶುರುವಾಯಿತು. ವೆಂಕಟರಮಣಪ್ಪನವರು "ಪಿಳ್ಳಣ್ಣನೇ ಮೋಟ್ರು ಇಟ್ಟಿರ್ಬೇಕು, ಅಲ್ವೇನೋ ಮುನೀಂದ್ರ" ಅಂದರು. ನಾನು "ಹೂಂ, ನೋಡ್ದೆ" ಅಂದೆ. ಎರಡೇ ಮಾತು. ಅವರ ನಲ್ಲಿ ಕತ್ತರಿಸಿದವನೂ ನಾನೇ. ನಾನು ಕತ್ತರಿಸುವಾಗ ಪಿಳ್ಳಣ್ಣನವರು ನನ್ನ ಮುಖ ನೋಡುತ್ತಾ ನಿಂತಿದ್ದರು. ಎರಡು ವರ್ಷ ಆ ಮನೆ ಮುಂದೆ ತಲೆ ಎತ್ತಿ ನಡೆದಿಲ್ಲ. ಅದಕ್ಕೆ ಮೊದಲೂ ಕುಡಿಯುತ್ತಿದ್ದೆ. ಆಮೇಲೆ ಕುಡಿದದ್ದಕ್ಕೆ ಲೆಕ್ಕವಿಲ್ಲ.

ನಾನು ಅಯೋಗ್ಯ. ಕಟ್ಟಿಕೊಂಡವಳಿಗೂ ಅಯೋಗ್ಯ, ಊರಿಗೂ ಅಯೋಗ್ಯ. ನೀವು ನನ್ನನ್ನು ಕೇಳಿದ ರೀತಿ ನೋಡಿ, ನನಗೂ ಏನೋ ಗೊತ್ತಿದೆ ಎಂದು ನಾಲ್ಕು ದಿನ ಮರುಳಾಗಿದ್ದೆ.

ಇದನ್ನು ಪಿಳ್ಳಣ್ಣನವರಿಗೆ ಓದಿ ಹೇಳಿ. ಪಂಚಾಯ್ತಿಗೂ ತೋರಿಸಿ. ಗೋದಾಮಿನ ಕೆಲಸಕ್ಕೆ ಒಪ್ಪಿಕೊಂಡಿದ್ದೇನೆ, ಅಕ್ಟೋಬರ್ ಒಂದಕ್ಕೆ ಸೇರಬೇಕು.

ಮುನೀಂದ್ರ


ಕಪಿಲೆಪಾಳ್ಯ
19 ಸೆಪ್ಟೆಂಬರ್ 2024

ಮುನೀಂದ್ರಣ್ಣನವರಿಗೆ,

ಮೊದಲ ದಿನ ನಿಮ್ಮ ಮೇಲೆ ಬಹಳ ಸಿಟ್ಟು ಬಂತು. ಮೂರು ಬೇಸಿಗೆ ನಮ್ಮ ಅತ್ತೆ ಒಂದು ಬಿಂದಿಗೆ ನೀರಿಗಾಗಿ ಬೆಳಗಿನ ಜಾವ ಎದ್ದು ಕೂತಿದ್ದನ್ನು ನಾನು ನೋಡಿದ್ದೇನೆ. ಅದನ್ನು ನಿಮಗೆ ಹೇಳದಿದ್ದರೆ ಸುಳ್ಳಾಗುತ್ತದೆ. ಎರಡನೇ ದಿನ ಇನ್ನೊಂದು ಯೋಚನೆ ಬಂತು. ಹನ್ನೊಂದು ಸುತ್ತು ಎಂದು ಇಷ್ಟು ನಿಖರವಾಗಿ ಎರಡೂವರೆ ವರ್ಷ ನೆನಪಿಟ್ಟುಕೊಂಡವರು ಯಾರಿದ್ದಾರೆ?

ಪಂಚಾಯ್ತಿಯಲ್ಲಿ ಕಾಗದ ತೋರಿಸಿದೆ. ವೆಂಕಟರಮಣಪ್ಪನವರು ಎರಡು ಸಲ ಓದಿದರು. "ಕುಡುಕನ ಕಾಗದ ನಂಬ್ಕೊಂಡು ಸರ್ಕಾರದ ರೋಡು ಒಡೆಯಾಕಾಯ್ತದೇನಮ್ಮ? ಅವನೇ ಬಂದು ನಿಂತು, ಇಲ್ಲಿ ಅಂತ ಬೆಟ್ಟು ಮಾಡಿ ತೋರಿಸ್ಲಿ. ಅದೂ ಎರಡು ಕಡೆ, ಮೂರನೇದು ಒಡೆಯಂಗಿಲ್ಲ" ಅಂದರು. ಅವರ ಮುಖವೂ ಸಣ್ಣದಾಗಿತ್ತು.

ಪಿಳ್ಳಣ್ಣನವರಿಗೆ ಅವರ ಮನೆಯಲ್ಲೇ ಓದಿ ಹೇಳಿದೆ. ಮುಗಿಯುವವರೆಗೆ ಬೀಡಿ ಹಚ್ಚಲಿಲ್ಲ. ಆಮೇಲೆ "ಪೆನ್ನು ತಗೋ, ನಾನ್ ಹೇಳ್ದಂಗೇ ಬರಿ, ನೀನು ಸೊಟ್ಟ ನೆಟ್ಟಗೆ ಮಾಡ್ಬ್ಯಾಡ" ಅಂದರು. ಅವರು ಹೇಳಿದ್ದು ಇದು:

"ಲೋ ಮುನೀಂದ್ರ. ನೀನು ಕುಡ್ದು ಮಲಗ್ಬಿಟ್ಟೆ ಅನ್ನೋದಕ್ಕೆ ನಂಗೆ ಸಿಟ್ಟಿಲ್ಲ ಕಣ್ಲಾ. ನಮ್ಮಪ್ಪನೂ ಕುಡೀತಿದ್ದ. ನೀನು ದಿನಾ ಬೆಳಗ್ಗೆ ಆರು ಗಂಟೆಗೆ ನೀರು ಬಿಡ್ವಾಗ ನೆಟ್ಟಗೇ ಇರ್ತಿದ್ದೆ. ಅಂಥ ಬೆಳಗ್ಗೆ ಎರಡು ವರ್ಷದಾಗೆ ಎಷ್ಟು ಬಂದೋದ್ವು? ಒಂದಿನ ಬಂದು ನನ್ ಬಾಗ್ಲಾಗೆ ನಿಂತ್ಕಂಡು ಹೇಳ್ಬೌದಿತ್ತು. ಅದಕ್ಕೆ ನಂಗೆ ಸಿಟ್ಟು.

ಇನ್ನೊಂದು. ಕಾಗದದಾಗೆ ಅಯೋಗ್ಯ ಅಯೋಗ್ಯ ಅಂತ ಮೂರು ಕಿತ ಬರ್ದಿದ್ದೀಯ. ನಾನು ಬೆಟ್ಟು ಮಡಚ್ಕಂಡು ಎಣಿಸ್ದೆ. ಹಂಗಂದ್ಬಿಟ್ರೆ ಮುಗ್ದೋಯ್ತಾ? ಅಯೋಗ್ಯನ ಹತ್ರ ಯಾರಾದ್ರೂ ನ್ಯಾಯ ಕೇಳ್ತಾರೇನ್ಲಾ? ಬೀದಿ ನಾಯಿ ಕಚ್ಚಿದ್ರೆ ಅದರ ಹತ್ರ ಹೋಗಿ ಯಾಕೆ ಕಚ್ದೆ ಅಂತ ಕೇಳ್ತೀನಾ? ನಂಗೆ ಕೇಳೋದೈತೆ. ಅದಕ್ಕೆ ಎದುರುಗಡೆ ಒಬ್ಬ ಮನುಷ್ಯ ಬೇಕು. ಮನುಷ್ಯನಾಗಿ ಬಾ. ಬಂದು ತೋರ್ಸು. ಆಮ್ಯಾಕೆ ಗೋಡಾನಿಗಾದ್ರೂ ಹೋಗು, ಗುಡ್ಡಕ್ಕಾದ್ರೂ ಹೋಗು."

ಇಷ್ಟು ಹೇಳಿ ಬೀಡಿ ಹಚ್ಚಿದರು. ನಾನು ಒಂದಕ್ಷರವನ್ನೂ ನೆಟ್ಟಗೆ ಮಾಡಿಲ್ಲ.

ಇಂತಿ,
ಶಶಿರೇಖಾ


ಅರಿಶಿನಕುಂಟೆ
25 ಸೆಪ್ಟೆಂಬರ್ 2024

ಶಶಿರೇಖಾ ಅವರಿಗೆ,

ಪಿಳ್ಳಣ್ಣನವರ ಮಾತನ್ನು ದುಂಡಗೆ ಕೂತವರ ನಡುವೆ ಓದಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಹೊಸಕೋಟೆಯ ಒಬ್ಬರು "ಇನ್ನೊಂದ್ಸಲ ಓದು ಗುರು" ಅಂದರು. ಮತ್ತೆ ಓದಿದೆ.

ನನ್ನನ್ನು ನಾನೇ ಹೀನಾಯವಾಗಿ ಬೈದುಕೊಂಡರೆ ಅದು ಪ್ರಾಯಶ್ಚಿತ್ತ ಎಂದು ನಾನು ತಿಳಿದಿದ್ದೆ. ಅದು ತಪ್ಪಿಸಿಕೊಳ್ಳುವ ದಾರಿಯೂ ಆಗಿತ್ತೇ ಎಂದು ಈಗ ಯೋಚಿಸುತ್ತಿದ್ದೇನೆ.

ಗೋದಾಮಿನವರಿಗೆ ಹದಿನೈದು ದಿನ ಕಾಯಲು ಹೇಳಿದ್ದೇನೆ. 30ಕ್ಕೆ ಬಿಡುಗಡೆ, ಒಂದನೇ ತಾರೀಖು ಬರುತ್ತೇನೆ. ಮಾರನೇ ದಿನ ಗಾಂಧಿ ಜಯಂತಿ, ವೈನ್‌ಶಾಪು ಮುಚ್ಚಿರುತ್ತದೆ. ಮೊದಲ ದಿನವಾದರೂ ಸುಲಭವಾಗಲಿ.

ಒಂದು ಭಯವಿದೆ. ಅಷ್ಟು ಜನರ ಎದುರು ನಾನು ತೋರಿಸಿದ ಜಾಗದಲ್ಲಿ ವಾಲ್ವ್ ಸಿಗದಿದ್ದರೆ? ಆಗ ನನ್ನ ಕಾಲು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಗೊತ್ತು. ದೇವೇಂದ್ರ ಸರ್ ಅವರಿಗೂ ಇದನ್ನೇ ಹೇಳಿದೆ. ಅವರು "ಹೋಗಿ ಬಾ, ಆದದ್ದನ್ನ ಬರಿ" ಎಂದಷ್ಟೇ ಅಂದರು.

ಮುನೀಂದ್ರ


ಕಪಿಲೆಪಾಳ್ಯ
5 ಅಕ್ಟೋಬರ್ 2024

ದೇವೇಂದ್ರ ಸರ್ ಅವರಿಗೆ,

ಆದದ್ದನ್ನು ಬರೆಯಲು ಹೇಳಿದ್ದಿರಿ. ಬರೆಯುತ್ತಿದ್ದೇನೆ.

ನಿನ್ನೆ ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಕಾಂಕ್ರೀಟ್ ಒಡೆಯುವ ಯಂತ್ರ ತರಿಸಿದ್ದರು. ಹಿಂದಲ ಬೀದಿಯವರೆಲ್ಲ ಇದ್ದರು, ಮುಂದಲ ಬೀದಿಯವರೂ ನೋಡಲು ಬಂದಿದ್ದರು. ಪ್ರಮೋದಾ ಎಂದಿನಂತೆ ಕೆಲಸಕ್ಕೆ ಹೋಗಿದ್ದಳು. ನಾನು ಪಿಳ್ಳಣ್ಣನವರ ಬಾಗಿಲಿಗೆ ಹೋಗಿ, ಮೋಟರ್ ನೋಡಿದೆ ಎಂದು ನಾನು ಹೇಳಿದ್ದು ಸುಳ್ಳು, ತಪ್ಪು ನನ್ನದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಅವರು "ಕೇಳಿಸ್ತು. ಈಗ ಕೆಲ್ಸ ನೋಡು" ಅಂದರು.

ಜಗಲಿಯ ಮೂಲೆಯಿಂದ ಅಡ್ಡಕ್ಕೆ ಎರಡು ಹೆಜ್ಜೆ ಇಟ್ಟು ಗುರುತು ಮಾಡಿದೆ. ಮುಕ್ಕಾಲು ಗಂಟೆ ಒಡೆದು, ಎರಡಡಿ ಅಗೆದರು. ಬರೀ ಮಣ್ಣು.

ವೆಂಕಟರಮಣಪ್ಪನವರು "ಸಾಕು ಬಿಡ್ರಪ್ಪ, ಇವನ ತಲೇಲಿ ಇದ್ದದ್ದೆಲ್ಲ ಬಾಟ್ಲಿ ಒಳಗೆ ಹೋಗೈತೆ" ಅಂದರು. ಕೆಲವರು ನಕ್ಕರು. ಬೆನ್ನ ಹಿಂದೆ ಯಾರೋ "ನೋಡು, ಈಗ ಸೀದಾ ಅಂಗಡಿಗೆ" ಅಂದರು. ಅಂಗಡಿ ಅಲ್ಲಿಂದ ನಾನೂರು ಹೆಜ್ಜೆ. ಹಿಂದೆ ಎಷ್ಟೋ ಸಲ ನಡೆದಿದ್ದೇನೆ. ಸಾರ್, ಸುಳ್ಳು ಹೇಳುವುದಿಲ್ಲ, ಕಾಲು ಆ ಕಡೆಗೆ ತಿರುಗಿತ್ತು. ಬಾಯೆಲ್ಲ ಒಣಗಿತ್ತು. ಆದರೆ ತಲೆಯಲ್ಲಿ ಒಂದೇ ಪ್ರಶ್ನೆ ಓಡುತ್ತಿತ್ತು: ನನ್ನ ಹೆಜ್ಜೆ ಸರಿ ಇದೆ, ಮತ್ತೆ ಎಲ್ಲಿ ತಪ್ಪಿತು? ನಾಚಿಕೆಗಿಂತ ಆ ಪ್ರಶ್ನೆ ದೊಡ್ಡದಾಗಿತ್ತು. ಹಾಗೇಕೆ ಎಂದು ನನಗೂ ಆಶ್ಚರ್ಯ.

"ತಪ್ಪಾಯ್ತು. ಒಂದು ನಿಮಿಷ ಕೊಡಿ, ಇನ್ನೊಂದ್ಸಲ ನೋಡ್ತೀನಿ" ಅಂದೆ. ಅಗೆದ ಗುಂಡಿಯ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತೆ. ಶಶಿರೇಖಾ ಅವರು ಬಂದು "ಎಲ್ಲಿಂದ ಅಳೆದ್ರಿ ಅಣ್ಣ?" ಎಂದು ಕೇಳಿದರು. ಜಗಲಿ ಮೂಲೆಯಿಂದ ಅಂದೆ.

ಪಿಳ್ಳಣ್ಣನವರು ಒಳಗಿನಿಂದಲೇ ಕೂಗಿದರು. "ಯಾವ ಜಗಲಿಯಿಂದ್ಲಾ? ರೋಡಿಗೆ ಜಾಗ ಸಾಲ್ದು ಅಂತ ಇದನ್ನ ಮೂರಡಿ ಒಡ್ದಾಕಿದ್ರಲ್ಲ, ನೀನಿರ್ಲಿಲ್ವಾ?"

ಇದ್ದೆ. ನಾನು ವಾಲ್ವ್ ಮುಚ್ಚಿದ ಮಾರನೇ ದಿನ, ಕಾಂಕ್ರೀಟ್ ಸುರಿಯುವ ಮೊದಲು ಬೆಳಗ್ಗೆ ಒಡೆದರಂತೆ. ಊರಲ್ಲಿದ್ದರೂ ನಾನು ಕುಡಿದು ಮನೆಯಲ್ಲಿ ಬಿದ್ದಿದ್ದೆ. ಆಮೇಲೆ ಎರಡು ವರ್ಷ ಆ ಜಗಲಿಯ ಕಡೆ ಕಣ್ಣೆತ್ತಿ ನೋಡಿರಲಿಲ್ಲ. ಊರಿಗೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ ಗೊತ್ತಿರಲಿಲ್ಲ.

ಮೂರಡಿ ಮುಂದಕ್ಕೆ ಎರಡನೇ ಗುರುತು ಹಾಕಿದೆ. ಮೂರನೆಯದಕ್ಕೆ ಅವಕಾಶವಿಲ್ಲ. ಹನ್ನೆರಡೂವರೆಗೆ ಹಾರೆ ಕಬ್ಬಿಣಕ್ಕೆ ತಾಗಿತು. ಚಕ್ರ ತುಕ್ಕು ಹಿಡಿದಿತ್ತು. ಸೀಮೆಎಣ್ಣೆ ಹಾಕಿ ಅರ್ಧ ಗಂಟೆ ಬಿಟ್ಟು, ನಾನೂ ಶಶಿರೇಖಾ ಅವರೂ ಒಟ್ಟಿಗೆ ಹಿಡಿದು ತಿರುಗಿಸಿದೆವು. ಎಣಿಸಿದೆ. ಹನ್ನೊಂದು ಸುತ್ತು. ಎಂಟನೇ ಮನೆಯಲ್ಲಿ ಬಿಂದಿಗೆ ತುಂಬಲು ಐವತ್ತೆಂಟು ಸೆಕೆಂಡು ಹಿಡಿಯಿತು ಎಂದು ಶಶಿರೇಖಾ ಅವರು ಬರೆದುಕೊಂಡರು. ಪಿಳ್ಳಣ್ಣನವರ ನಲ್ಲಿಯನ್ನು ಸಂಜೆಯೊಳಗೆ ನಾನೇ ಜೋಡಿಸಿದೆ. ಅವರು ಪಕ್ಕದಲ್ಲೇ ನಿಂತು ನೋಡಿದರು. "ಸಿಟ್ಟು ಇನ್ನೂ ಐತೆ ಕಣ್ಲಾ. ಹೋಗಾಕೆ ಟೈಮ್ ಬೇಕು" ಅಂದರು. ಆಗಲಿ ಅಂದೆ.

ಪ್ರಮೋದಾ ವ್ಯಾನಿಳಿದು ಬಂದು, ಊಟಕ್ಕೆ ತಟ್ಟೆ ಹಾಕಿದಳು. ಆಮೇಲೆ ಮುದ್ದೆ ಇಡುತ್ತಾ ಅಂದಳು:

"ಸಿಕ್ತಂತೆ."

"ಹೂಂ."

"ಮೊದ್ಲನೇ ಸಲ ಸಿಗ್ಲಿಲ್ವಂತೆ."

"ಇಲ್ಲ."

"ಎಲ್ಲಾರೂ ನಕ್ರಂತೆ."

"ಹೂಂ."

"ಆಮೇಲೂ ಅಲ್ಲೇ ಇದ್ರಂತೆ?"

ಅಲ್ಲೇ ಇದ್ದೆ ಅಂದೆ. ಅವಳು ನನ್ನ ತಟ್ಟೆಗೆ ಇನ್ನಷ್ಟು ಸಾರು ಬಿಟ್ಟಳು.

ನೀರುಗಂಟಿ ಕೆಲಸ ಶಶಿರೇಖಾ ಅವರದೇ, ಅವರದೇ ಆಗಿರಬೇಕು. ಊರಿನ ಪೈಪ್‌ಲೈನಿನ ನಕ್ಷೆಯನ್ನು ಕಾಗದದ ಮೇಲೆ ಬರೆಸಬೇಕೆಂದು ಅವರು ಹಟ ಹಿಡಿದಿದ್ದಾರೆ, ನಾಳೆಯಿಂದ ಕೂರುತ್ತೇವೆ. ಗೋದಾಮಿನ ವಿಷಯ ಆಮೇಲೆ. ನಾಳೆ, ನಾಡಿದ್ದು ಏನಾಗುತ್ತದೋ ಗೊತ್ತಿಲ್ಲ. ಸದ್ಯ ಕುಡಿಯದೆ ಇದು ನೂರಾ ಐದನೇ ದಿನ.

ಇವತ್ತು ಬೆಳಗ್ಗೆ ಆರೂವರೆಗೆ ಬಾಗಿಲು ಬಡಿದ ಸದ್ದಾಯಿತು. ಹಿಂದಲ ಬೀದಿಯ ಮೂರನೇ ಮನೆಯ ಸಪ್ಪಲಮ್ಮನವರು ಖಾಲಿ ಕೊಡ ಸೊಂಟದಲ್ಲಿಟ್ಟುಕೊಂಡು ನಿಂತಿದ್ದರು. "ಏನ್ಲಾ ಮುನೀಂದ್ರ, ಅವರಿಗೆಲ್ಲ ನೀರು ಹರಿಸ್ಬಿಟ್ಟು ನಮ್ಮನೆ ನಲ್ಲಿ ಸಣ್ಣ ಮಾಡಿದ್ದೀಯ! ನಿನ್ ಮನೆ ಕಾಯ್ವಾಗ! ನೀನೇನು ನೀರು ಬಿಡೋನೋ, ಬಾಯಿ ಒಣಗ್ಸೋನೋ?" ಎಂದು ಬೀದಿಗೆಲ್ಲ ಕೇಳುವಂತೆ ಐದು ನಿಮಿಷ ಬೈದರು.

ಎರಡು ವರ್ಷದಿಂದ ನೀರಿನ ವಿಷಯಕ್ಕೆ ಯಾರೂ ನನ್ನನ್ನು ಬೈದಿರಲಿಲ್ಲ ಸಾರ್. ಕುಡುಕನನ್ನು ಬೈದು ಏನು ಬಂತು ಎಂದು ಬಿಟ್ಟಿದ್ದರು.

"ನಾಲ್ಕನೇ ವಾಲ್ವು ಒಂದು ಸುತ್ತು ಜಾಸ್ತಿ ಬೇಕೇನೋ ಕಣಮ್ಮ. ಶಶಿರೇಖಮ್ಮನ್ನ ಕೇಳಣ, ನಡಿ" ಎಂದು ಚಪ್ಪಲಿ ಮೆಟ್ಟಿಕೊಂಡೆ.

ಇಂತಿ ತಮ್ಮ,
ಮುನೀಂದ್ರ